ಪದ್ಮಜಾಬಾಯಿ ಬಿಟ್ಟ ಹಣ್ಣು

ಪದ್ಮಜಾಬಾಯಿಯವರ ಮನೆಗೆ ತತ್ತ್ವಶಾಸ್ತ್ರ ಕಾಲಿಟ್ಟ ದಿನದಿಂದ ಆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಚಹಾ ಸಿಕ್ಕಿದ ದಾಖಲೆಯಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ತತ್ತ್ವಶಾಸ್ತ್ರಕ್ಕೆ ಏನು ಕೆಲಸ ಎಂದು ನೀವು ಕೇಳಬಹುದು. ಆ ಕಾಲೋನಿಯಲ್ಲಿ ಟ್ಯೂಷನ್ನಿಗೆ ಕೊರತೆಯಿಲ್ಲ, ಗೋಡೆಗೊಂದು ಬೋರ್ಡು. ಆದರೆ ಎಲ್ಲವೂ ಗಣಿತ, ಫಿಸಿಕ್ಸು. ಒಳಿತು ಎಂದರೇನು, ಸುಖ ಎಂದರೇನು ಎಂದು ಬೋರ್ಡು ತೂಗುಹಾಕಿದವರು ಯಾರೂ ಇಲ್ಲ. ತಪ್ಪೆಲ್ಲ ಮಗಳು ಮಾಧವಿಯದು. ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗುವಾಗ, "ಆಯಿ, ನೀ ಸುಮ್ಮ ಮನ್ಯಾಗ ಕೂತರ ಅಜ್ಜಿ ಜೋಡಿ ಬರೇ ಜಗಳಾಡ್ತಿ" ಎಂದು ಹೇಳಿ, ದೂರಶಿಕ್ಷಣದ ಎಂ.ಎ.ಗೆ ತಾಯಿಯ ಹೆಸರು ಹಚ್ಚಿ ಹೋಗಿಬಿಟ್ಟಳು. (ಜಗಳವೇನೂ ನಿಲ್ಲಲಿಲ್ಲ. ಜಗಳಕ್ಕೆ ವಿಷಯಗಳು ಹೆಚ್ಚಾದವು, ಅಷ್ಟೇ.)

"ಚಹಾ ಆತೇನು?" ಎಂದು ಯಜಮಾನರಾದ ವೇದವ್ಯಾಸರಾಯರು ಪೇಪರಿನ ಹಿಂದಿನಿಂದ ಕೇಳಿದರೆ ಅಡುಗೆಮನೆಯಿಂದ ಚಹಾದ ಬದಲು ಪ್ರಶ್ನೆ ಬರುತ್ತಿತ್ತು.

"ನಿಮಗ ಚಹಾ ಬೇಕು ಅನ್ನೋದು ನಿಮ್ಮ ಸ್ವತಂತ್ರ ಇಚ್ಛಾ ಏನ್ರಿ, ಇಲ್ಲಾ ಬರೇ ಚಟಾನೋ?"

"ಮೊದಲ ಒಂದು ಕಪ್ ಕೊಡು. ಕುಡದು ಹೇಳ್ತೀನಿ."

"ಕುಡದ ಮ್ಯಾಲ ಉತ್ತರ ಬದಲಾಗ್ತದ್ರೀ. ಮೊದಲೇ ಹೇಳಬೇಕು."

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಸ್ವತಂತ್ರ ಇಚ್ಛೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿರುತ್ತಿತ್ತು.

ಅತ್ತೆ ಸಕ್ಕೂಬಾಯಿಯವರಿಗೆ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಹಲ್ಲಿನ ಕೆಲಸವನ್ನೆಲ್ಲ ನಾಲಿಗೆಯೇ ವಹಿಸಿಕೊಂಡಿದೆ. "ಅಗ ಬಾಯಿ, ಸಾರಿಗೆ ಉಪ್ಪೇ ಇಲ್ಲಲ್ಲ! ಉಪ್ಪಿನ ಬದಲಿ ತತ್ತ್ವ ಹಾಕೀದಿ ಏನು?" ಎಂದು ಅವರು ತಟ್ಟೆಯ ಮುಂದೆ ಕೂತು ಕೂಗುವರು.

"ಅತ್ತಿ, ಉಪ್ಪಿಲ್ಲದ ಸಾರು ಉಂಡೂ ಮನುಷ್ಯಾ ಸುಖದಿಂದ ಇರಬಹುದೇನು, ನೀವ ಹೇಳ್ರಿ."

"ಇರಬಹುದವಾ. ಬ್ಯಾರೆಯವರ ಮನ್ಯಾಗ ಉಂಡ್ರ ಇರಬಹುದು."

ಇಂಥ ಪ್ರತಿಕೂಲ ವಾತಾವರಣದಲ್ಲಿ ಪದ್ಮಜಾಬಾಯಿಯವರ ಜ್ಞಾನಯಜ್ಞ ನಡೆದಿತ್ತು. ಭಾನುವಾರ ತರಗತಿ. ಪಾಠ ಹೇಳುವವರು ನಿವೃತ್ತ ಉಪನ್ಯಾಸಕ ಜಹೀರುದ್ದೀನ್ ಸರ್. ಬಿಳಿ ಗಡ್ಡ, ಮೆದು ಮಾತು, ಯಾವ ಪ್ರಶ್ನೆ ಕೇಳಿದರೂ ಉತ್ತರದ ಬದಲು ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸುವ ಉದಾರಿ. ಅವರು ಒಂದು ಭಾನುವಾರ ಮನೆಯಲ್ಲಿ ಬರೆದು ತರಲು ಪ್ರಬಂಧ ಕೊಟ್ಟರು: ಒಳ್ಳೆಯವರಾಗುವುದು, ಸುಖವಾಗಿರುವುದು, ಸ್ವತಂತ್ರರಾಗಿರುವುದು, ಈ ಮೂರೂ ಒಂದೇ ಕೆಲಸದಲ್ಲಿ ಕೂಡಿಬರಲು ಸಾಧ್ಯವೇ?

ಪದ್ಮಜಾಬಾಯಿ ಗೈಡು ತೆರೆಯುವುದನ್ನು ನೋಡಿ ಸರ್ ತಲೆಯಾಡಿಸಿದರು. "ಕಿತಾಬು ಬಾಜೂಕ ಇಡ್ರಿ ಬಾಯಾರ. ನಿಮ್ಮ ಜಿಂದಗಿಯೊಳಗ ಯಾರೂ ಹೇಳದೇನೇ ನೀವೇ ಖುದ್ದು ಫೈಸಲಾ ಮಾಡಿದ್ದು ಯಾವುದರೆ ಒಂದು ಬರೀರಿ. ಒಂದರೆ ಇರ್ತದಲ್ಲ?"

ಒಂದಾದರೂ ಇರುತ್ತದಲ್ಲ! ಆಟೋದಲ್ಲಿ ಮನೆಗೆ ಬರುವವರೆಗೆ ಪದ್ಮಜಾಬಾಯಿ ಆ ಒಂದನ್ನು ಹುಡುಕಿದರು. ಹೆಸರು ಇಟ್ಟವಳು ಅಜ್ಜಿ. ಡಿಗ್ರಿ ಮುಗಿದೊಡನೆ ಓದು ಬಿಡಿಸಿದವನು ಕಾಕಾ. ವರನನ್ನು ನೋಡಿದವರು ಊರವರೆಲ್ಲ (ಇವರೊಬ್ಬರನ್ನು ಬಿಟ್ಟು). ಮನೆಗೆ ಬಣ್ಣ ಆರಿಸುವವರು ಅತ್ತೆ, ಆ ಬಣ್ಣಕ್ಕೆ ಹೊಂದುವ ಪರದೆ ಆರಿಸುವವರೂ ಅತ್ತೆ. ಸ್ವಾತಂತ್ರ್ಯದ ಬಗ್ಗೆ ಓದುವ ಈ ಎಂ.ಎ.ಗೆ ಕೂಡ ಹೆಸರು ಹಚ್ಚಿದವಳು ಮಗಳು! ಆಟೋ ಬಾಗಿಲ ಮುಂದೆ ನಿಂತಾಗ ಪದ್ಮಜಾಬಾಯಿಗೆ ಕಣ್ಣು ತುಂಬಿ ಬಂದವು. ಆಗಲೇ ಥಟ್ಟನೆ ನೆನಪಾಯಿತು. ಇದೆ, ಒಂದಿದೆ! ಗಯಾದಲ್ಲಿ ಬಿಟ್ಟ ಕೆಂಪು ಬಾಳೆಹಣ್ಣು!

ಕಾಶಿ ಯಾತ್ರೆಗೆ ಹೋದವರು ಗಯಾದ ಆಲದ ಮರದ ಕೆಳಗೆ ಒಂದು ಹಣ್ಣು, ಒಂದು ಕಾಯಿಪಲ್ಲೆ ಬಿಟ್ಟು ಬರಬೇಕು, ಬಿಟ್ಟದ್ದನ್ನು ಸಾಯುವತನಕ ಬಾಯಿಗೆ ಇಡಬಾರದು. ಪ್ರೀತಿಯದನ್ನು ಬಿಡಬೇಕು ಎನ್ನುವುದು ಶಾಸ್ತ್ರ. ತನಗೆ ಸೇರದ್ದನ್ನು ಬಿಡುವುದು ರೂಢಿ. ಆರು ವರ್ಷದ ಹಿಂದೆ ಇವರು ಹೋದ ಬಸ್ಸಿನ ಜನವೆಲ್ಲ ಹಾಗಲಕಾಯಿಯನ್ನೇ ಬಿಟ್ಟರು. ಒಂದು ಬಸ್ಸಿನ ಮಂದಿ ಒಮ್ಮೆಲೇ ಕೈಬಿಟ್ಟರೂ ಹಾಗಲಕಾಯಿ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಸಕ್ಕೂಬಾಯಿಯವರು ಹಲ್ಲಿಲ್ಲದ ಬಾಯಿಂದ ಅತ್ಯಂತ ಗಂಭೀರವಾಗಿ ಕಬ್ಬು ಬಿಟ್ಟರು. ಪದ್ಮಜಾಬಾಯಿಗೆ ಇದೆಲ್ಲ ನೋಡಿ ನಾಚಿಕೆಯಾಯಿತು. ದೇವರಿಗೆ ಕೊಡುವಾಗಲೂ ಇಂಥ ಮೋಸವೇ? ಅಲ್ಲಿಯ ಪುರೋಹಿತ ಪಂಡಾ, ರಾಯರ ಕೈಯಲ್ಲಿ ನೀರು ಹಾಕಿ ಸಂಕಲ್ಪ ಹೇಳಿಸುತ್ತಿದ್ದ. ಹಿಂದೆ ನಿಂತು ದರ್ಭೆಯಿಂದ ಗಂಡನ ಮೊಣಕೈ ಮುಟ್ಟಿಕೊಂಡಿದ್ದ ಪದ್ಮಜಾಬಾಯಿ ಕಣ್ಣು ಮುಚ್ಚಿ, ಜಗತ್ತಿನಲ್ಲಿ ತನಗೆ ಎಲ್ಲಕ್ಕಿಂತ ಪ್ರಿಯವಾದದ್ದರ ಹೆಸರನ್ನು ಮೆಲ್ಲಗೆ ಉಸುರಿದರು. ಕಮಲಾಪುರದ ಕೆಂಪು ಬಾಳೆಹಣ್ಣು.

ಕಮಲಾಪುರ ಅವರ ತವರು. ತಂದೆ ಗೋಪಾಲಾಚಾರ್ಯರು ಅಲ್ಲಿಯ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಕೆಂಪು ಬಾಳೆ. ಗೊನೆ ಇಳಿಸಿ ಜೋಳದ ಹೊಟ್ಟಿನಲ್ಲಿ ಹುಗಿದಿಟ್ಟರೆ ಮೂರನೆಯ ದಿನಕ್ಕೆ ಮನೆಯೆಲ್ಲ ಘಮ್ಮೆನ್ನುವುದು. ತಂದೆ ಪೂಜೆ ಮುಗಿಸಿ ಬಂದು, ಒದ್ದೆ ಮಡಿಯಲ್ಲೇ ಒಂದು ಹಣ್ಣು ಸುಲಿದು ಅರ್ಧ ಮಗಳಿಗೆ ಕೊಡುತ್ತಿದ್ದರು. ಹೊರಗೆ ರೇಷ್ಮೆ ಸೀರೆಯ ಕೆಂಪು, ಒಳಗೆ ಕೆನೆಯ ಬಣ್ಣ. ಆ ಹಣ್ಣಿಗೆ ಅವಸರದಲ್ಲಿ ತಿನ್ನಿಸಿಕೊಳ್ಳುವ ಸ್ವಭಾವವಿಲ್ಲ, ದಪ್ಪ, ಮೆತ್ತಗೆ, ಬಾಯಲ್ಲಿ ನಿಂತು ಮಾತಾಡುವ ಹಣ್ಣು. ತಂದೆ ತೀರಿಕೊಂಡರು, ಅಣ್ಣ ಮನೆ ಮಾರಿ ಹೋದ, ಹಿತ್ತಲಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ತವರೆಂದು ಉಳಿದದ್ದು ಬಾಯಲ್ಲಿ ಅದೊಂದು ರುಚಿ. ಅದನ್ನೇ ಪದ್ಮಜಾಬಾಯಿ ಬಿಟ್ಟು ಬಂದರು!

ಮಾತಾಡದ ರಾಯರು, ಪದ್ಮಜಾಬಾಯಿ ತಿಳಿದಂತೆ, ಆ ಉಸುರಿದ ಮಾತನ್ನು ಕೇಳಿಸಿಕೊಂಡು ಎಷ್ಟು ಗೌರವದಿಂದ ನಡೆಸಿಕೊಂಡರೆಂದರೆ, ಯಾತ್ರೆ ಮುಗಿದ ಸ್ವಲ್ಪ ದಿನಕ್ಕೇ ಕೆಂಪು ಬಾಳೆಹಣ್ಣನ್ನು ಮನೆಯೊಳಗೇ ತರುವುದನ್ನು ನಿಲ್ಲಿಸಿದರು. ಬೇಳೆ ತರಲು ನೆಹರು ಗಂಜ್ ಮಾರುಕಟ್ಟೆಗೆ ಹೋದಾಗ ಎದುರಿಗೆ ಹಣ್ಣಿನ ಬಂಡಿ ಬಂದರೆ ಪದ್ಮಜಾಬಾಯಿಯೇ ರಸ್ತೆ ದಾಟಿ ಆಚೆ ಬದಿ ನಡೆಯುವರು. ಆಚೆ ಬದಿಯಲ್ಲೂ ಬಂಡಿಯಿದ್ದರೆ ಸೆರಗಿನಿಂದ ಮೂಗು ಮುಚ್ಚುವರು. ಕನಸಿನಲ್ಲಿ ತಂದೆ ಅರ್ಧ ಹಣ್ಣು ಚಾಚಿದರೆ, "ಬ್ಯಾಡ ಅಪ್ಪಾ, ಬಿಟ್ಟೀನಿ" ಎಂದು ಅಳುತ್ತ ಏಳುವರು.

ಹೀಗಾಗಿ ಪ್ರಬಂಧ ಬರೆಯಲು ಕೂತರೆ ಮೊದಲಿನ ಎರಡು ಭಾಗ ಸರಾಗವಾಗಿ ಹರಿದವು. ಒಳ್ಳೆಯ ಕೆಲಸವೇ? ಸಂಶಯವೇ ಇಲ್ಲ, ಬಸ್ಸಿನ ಜನರ ಹಾಗಲಕಾಯಿಯ ಪಕ್ಕ ಇಟ್ಟರೆ ಮಹಾತ್ಯಾಗ. ಸ್ವತಂತ್ರವಾಗಿ ಮಾಡಿದ್ದೇ? ಯಾರೂ ಹೇಳಿರಲಿಲ್ಲ, ತಾನೇ ಆರಿಸಿದ್ದು. ಸುಖ? ಅಲ್ಲಿ ಪೆನ್ನು ನಿಂತಿತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಸುಖವಿಲ್ಲ, ಆಸೆಯಿದೆ. ಬೆಟ್ಟದಷ್ಟು ಆಸೆಯಿದೆ.

ಮುಂದಿನ ಭಾನುವಾರ ಕೇಳಿಯೇಬಿಟ್ಟರು. "ಸರ್, ಬಿಟ್ಟದ್ದನ್ನ ಮತ್ತ ಹಿಡಿಯೋ ಹಕ್ಕು ನನಗ ಇಲ್ಲಂದ್ರ, ಬಿಟ್ಟಿದ್ದು ಸ್ವಾತಂತ್ರ್ಯ ಹೆಂಗಾಗ್ತದ್ರೀ?"

ಜಹೀರುದ್ದೀನ್ ಸರ್ ಗಡ್ಡ ನೀವಿಕೊಂಡರು. "ಬಹುತ್ ಅಚ್ಛಾ ಸವಾಲ್ ಬಾಯಾರ. ಜವಾಬು ಸಿಕ್ಕರ ನನಗೂ ಹೇಳ್ರಿ."

ಗುರುಗಳೇ ಬೇಡ ಎನ್ನಲಿಲ್ಲ ಎಂದ ಮೇಲೆ ಅಪ್ಪಣೆಯಾದಂತೆಯೇ ಎಂದು ಶಿಷ್ಯೆ ತಿಳಿದರು. (ಜಗತ್ತಿನ ಎಷ್ಟೋ ಹೊಸ ಪಂಥಗಳು ಹುಟ್ಟಿದ್ದು ಹೀಗೆಯೇ ಇರಬೇಕು.) ಕಟ್ಟಿಕೊಂಡ ಗಂಟನ್ನು ತಾನೇ ಬಿಚ್ಚುವುದೇ ನಿಜವಾದ ಸ್ವಾತಂತ್ರ್ಯ, ಆದ್ದರಿಂದ ಹಣ್ಣು ತಿನ್ನತಕ್ಕದ್ದು, ತಿಂದರೆ ಸುಖ, ಸುಖದ ಭಾಗವೂ ಬರೆದು ಮುಗಿಯುತ್ತದೆ. ಇಷ್ಟು ಸಿದ್ಧಾಂತ ಮಾಡಿಕೊಂಡು, ಸೋಮವಾರ ಅತ್ತೆಗೆ ಊಟಕ್ಕೆ ಹಾಕಿ, ಕಮಲಾಪುರದ ಬಸ್ಸು ಹತ್ತಿದರು.

ಬಸ್‌ಸ್ಟ್ಯಾಂಡಿನ ಹೊರಗೆ ಯಮನಮ್ಮ ಕೂತಿದ್ದಳು. ಪದ್ಮಜಾಬಾಯಿಯ ಜೊತೆ ಒಂದೇ ಹಲಗೆಯ ಮೇಲೆ ಕೂತು ಶಾಲೆ ಕಲಿತವಳು. ಗಂಡ ಚಂದ್ರಶಾ ತೋಟದಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ, ಇವಳು ಬುಟ್ಟಿ ಇಟ್ಟುಕೊಂಡು ಮಾರುತ್ತಾಳೆ. ಬುಟ್ಟಿಯ ತುಂಬ ಕೆಂಪಗೆ ಮಾಗಿದ ಹಣ್ಣು. ಪದ್ಮಜಾಬಾಯಿ ಬುಟ್ಟಿಯನ್ನೇ ನೋಡುತ್ತ ನಿಂತರು.

"ಅಯ್ಯ ನಮ್ಮವ್ವಾ, ಪದ್ಮಕ್ಕ! ಎಷ್ಟು ದಿನಾತು ನಿನ್ನ ಮಾರಿ ನೋಡಿ. ಕೂಡು, ನೆರಳಿಗಿ ಕೂಡು. ಯಾಕ ಸೊರಗಿ?"

"ಯಮನಮ್ಮಾ, ಒಂದು ಹಣ್ಣು ಕೊಡು."

"ಮನೀಗಿ ಒಯ್ಯಾಕೇನು? ಮಾಲಕರಿಗಿ?"

"ನನಗ. ಇಲ್ಲೇ ತಿಂತೀನಿ."

ಯಮನಮ್ಮ ಬುಟ್ಟಿಯ ಮೇಲೆ ಥಟ್ಟನೆ ಗೋಣಿ ಎಳೆದಳು. "ಏ, ಏನಾಗ್ಯದ ನಿನಗ? ಗಯಾದಾಗ ಬಿಟ್ಟು ಬಂದೀನಿ ಅಂತ ನೀನೇ ನನಗ ಹೇಳಿಲ್ಲೇನು? ಇದ ಜಾಗಾದಾಗ ಕೂತು ಹೇಳೀದಿ!"

ಹೇಳಿದ್ದು ನಿಜ. ಮನೆಯಲ್ಲಿ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ತ್ಯಾಗದ ಡಂಗುರ ಸಾರಬಾರದೆಂದು. ಆದರೆ ಯಮನಮ್ಮ ಒತ್ತಾಯ ಮಾಡಿ ಹಣ್ಣು ಕೊಡಲು ಬಂದಾಗ ಕಾರಣ ಹೇಳಲೇಬೇಕಾಗಿತ್ತು.

"ಅವಾಗ ಬಿಟ್ಟಿದ್ದೆ. ಈಗ ಹಿಡೀತೀನಿ. ಅದು ನನ್ನ ಸ್ವಾತಂತ್ರ್ಯ."

"ನಿನ್ನ ಸ್ವಾತಂತ್ರ್ಯ ನೀ ಕಲಬುರಗ್ಯಾಗ ಇಟ್ಕೋ. ನನ್ನ ಕೈಲಿಂದ ತಿಂದು ನಿನಗ ಏನರೆ ಆದ್ರ? ಇಲ್ಲಿ ಎಲ್ಲಾರಿಗೂ ಹೇಳೀನಿ ನಾ, ನಮ್ಮ ಪದ್ಮಕ್ಕ ಎಂಥಾಕಿ, ಜೀವ ಇಟ್ಟಿದ್ದ ಹಣ್ಣ ದೇವರಿಗಿ ಬಿಟ್ಟಾಳ ಅಂತ. ಏ ಅಮೀನಾ, ಈಕಿ ಹಣ್ಣ ಬೇಡಾಕತ್ತಾಳ ನೋಡು!"

ಪಕ್ಕದ ಬುಟ್ಟಿಯ ಅಮೀನಾ ಕೂಡ ತನ್ನ ಹಣ್ಣಿನ ಮೇಲೆ ಸೆರಗು ಹೊದಿಸಿ, "ನಕೋ ಅಕ್ಕಾ, ನಕೋ. ದೇವರ ಜೋಡಿ ವಾದಾ ಮಾಡೀದಿ, ಮಾತು ಕೊಟ್ಟೀದಿ" ಎಂದಳು. ಒಳ್ಳೆಯವಳೆಂಬ ಹೆಸರು ಕಮಲಾಪುರದ ಬಸ್‌ಸ್ಟ್ಯಾಂಡಿನವರೆಗೂ ಹಬ್ಬಿದರೆ ಎಂಥ ಕಷ್ಟ ಎಂದು ಯಾವ ಗೈಡಿನಲ್ಲೂ ಬರೆದಿರಲಿಲ್ಲ.

ಕೊನೆಗೆ, ಗಂಡನಿಗೆ ಮತ್ತು ಅತ್ತೆಗೆ ಎಂದು ಹೇಳಿ ಒಂದು ದೊಡ್ಡ ಚಿಪ್ಪು ಪಡೆಯಬೇಕಾಯಿತು. ಯಮನಮ್ಮ ಅದನ್ನು ಚೀಲಕ್ಕೆ ಹಾಕುವಾಗಲೂ, "ದಾರ್‍ಯಾಗ ಕೈ ಹಚ್ಚಬ್ಯಾಡ" ಎಂದು ಕಣ್ಣು ಬಿಟ್ಟು ಹೆದರಿಸಿದಳು.

ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಕಿಟಕಿಯ ಗಾಳಿ ಬೀಸಿದಾಗಲೆಲ್ಲ ಆ ವಾಸನೆ ಎದ್ದು ಬಂದು ಮುಖಕ್ಕೆ ಹೊಡೆಯಿತು. ಪದ್ಮಜಾಬಾಯಿಗೆ ತಂದೆಯ ಒದ್ದೆ ಮಡಿ, ಜೋಳದ ಹೊಟ್ಟು, ಹಿತ್ತಲ ಬಾಗಿಲ ಸಪ್ಪಳ ಎಲ್ಲ ಬಂದವು. ಚೀಲದೊಳಗೆ ಕೈ ಹಾಕಿ ಒಂದು ಹಣ್ಣನ್ನು ಸವರಿದರು. ಯಾರೂ ನೋಡುತ್ತಿರಲಿಲ್ಲ, ಪಕ್ಕದ ಸೀಟಿನವನು ಗೊರಕೆ ಹೊಡೆಯುತ್ತಿದ್ದ. ಸುಲಿದರೆ ಆಯಿತು! ಆದರೆ ಒಳಗಿನ ತತ್ತ್ವಜ್ಞಾನಿ ಒಪ್ಪಲಿಲ್ಲ. ಕದ್ದು ತಿಂದರೆ ಅದು ಸ್ವಾತಂತ್ರ್ಯವಲ್ಲ, ಕಳ್ಳತನ. ತಿನ್ನುವುದಾದರೆ ಮನೆಯಲ್ಲಿ, ಗಂಡ ಮತ್ತು ಅತ್ತೆಯ ಎದುರಿಗೆ, ತಲೆಯೆತ್ತಿ ತಿನ್ನಬೇಕು. ಕೈ ಹೊರಗೆ ತೆಗೆದು, ಆ ಕೈಯನ್ನು ಮೂಗಿನ ಹತ್ತಿರ ಇಟ್ಟುಕೊಂಡೇ ಕಲಬುರಗಿ ಮುಟ್ಟಿದರು.

ಸಂಜೆ ಮನೆಯಲ್ಲಿ ರಾಯರು ಪೇಪರಿನ ಹಿಂದಿದ್ದರು, ಸಕ್ಕೂಬಾಯಿ ಜಪಮಾಲೆಯ ಹಿಂದಿದ್ದರು. ಪದ್ಮಜಾಬಾಯಿ ನಡುಮನೆಯಲ್ಲಿ ಚಿಪ್ಪನ್ನು ಇಟ್ಟು ಎದ್ದು ನಿಂತರು.

"ಇಬ್ಬರೂ ಕೇಳ್ರಿ. ನಾ ಇವತ್ತು ನನ್ನ ವ್ರತ ಮುರೀಲಿಕ್ಕತ್ತೀನಿ. ಕದ್ದಲ್ಲ, ನಿಮ್ಮ ಎದುರಿಗೇ. ಪಾಪ ಬಂದ್ರ ನನಗ ಬರಲಿ."

ರಾಯರು ಪೇಪರು ಇಳಿಸಿದರು. "ಯಾವ ವ್ರತ?"

"ಯಾವ ವ್ರತ ಅಂದ್ರ? ಗಯಾದಾಗ ಕೆಂಪು ಬಾಳೆಹಣ್ಣು ಬಿಟ್ಟಿಲ್ಲೇನು ನಾನು?"

"ಬಾಳೆಹಣ್ಣು ಯಾರು ಬಿಟ್ಟಾರ? ನಾವು ಬಿಟ್ಟಿದ್ದು ಅಂಜೂರ."

ಜಪಮಾಲೆ ನಿಂತಿತು.

"ನಾವು ಅಂದ್ರ?" ಪದ್ಮಜಾಬಾಯಿಯ ಧ್ವನಿ ಸಣ್ಣದಾಗಿತ್ತು.

"ನಾವು ಅಂದ್ರ ನಾವು. ಗಂಡಾ ಹೆಂಡತಿಗೆ ಕೂಡೇ ಸಂಕಲ್ಪ ಅಲ್ಲೇನು? ಅದಕ್ಕೇ ನಿನಗ ದರ್ಭೆ ಹಿಡಿಸಿದ್ದು. ಪಂಡಾ ಜಲ್ದಿ ಹೇಳ್ರಿ, ಜಲ್ದಿ ಹೇಳ್ರಿ ಅಂತ ಗಡಬಡಿ ಮಾಡಿದ. ನನಗ ಅಂಜೂರದ ಬೀಜ ಹಲ್ಲಿನಾಗ ಸಿಗ್ತಾವ. ಅಂಜೂರ ಅಂದುಬಿಟ್ಟೆ."

"ಮತ್ತ ನಾ ದಿನಾ ಮುಂಜಾನೆ ನೆನಸಿದ ಅಂಜೂರ ತಿಂತೀನಲ್ರೀ! ನೀವು ನೋಡಿಲ್ಲೇನು?"

"ಅದು ಒಣಾ ಅಂಜೂರ. ರಕ್ತ ಕಡಿಮಿ ಅದ ಅಂತ ಡಾಕ್ಟರ್ ಹೇಳಿದ್ದು. ಔಷಧದ ಲೆಕ್ಕಕ್ಕ ಹಿಡಿದೆ."

ಆರು ವರ್ಷ! ಬಿಟ್ಟ ಹಣ್ಣನ್ನು ದಿನಾ ಮುಂಜಾನೆ ಬೆಳ್ಳಿ ಬಟ್ಟಲಲ್ಲಿ ಇಟ್ಟುಕೊಂಡು ತಿಂದಿದ್ದರು. ಬಿಡದ ಹಣ್ಣಿಗಾಗಿ ರಸ್ತೆ ದಾಟಿ, ಮೂಗು ಮುಚ್ಚಿ, ಕನಸಿನಲ್ಲಿ ಅತ್ತಿದ್ದರು. ಪದ್ಮಜಾಬಾಯಿ ಗೋಡೆ ಹಿಡಿದು ಕೂತರು. "ಹಂಗಾದ್ರ ಈ ಹಣ್ಣು ಮನೀಗೆ ತರೂದು ಯಾಕ ಬಿಟ್ರಿ ನೀವು?"

ರಾಯರು ಪೇಪರನ್ನು ಮಡಚಿದರು, ಮತ್ತೆ ಮಡಚಿದರು. "ಯಾತ್ರಾದಿಂದ ಬಂದ ಮ್ಯಾಲ ಒಮ್ಮೆ ತಂದಿದ್ದೆ. ನೀ ನೋಡಿ ಒಳಗ ಹೋಗಿ ಅತ್ಕೋತ ಕೂತಿ. ಆಗಷ್ಟೇ ನಿಮ್ಮಣ್ಣ ಕಮಲಾಪುರದ ಮನಿ ಮಾರಿದ್ದ. ಮಾವನವರು ನೆನಪಾದ್ರು, ಅದಕ್ಕ ಅಳಲಿಕ್ಕತ್ತಾಳ ಅಂತ ತಿಳ್ಕೊಂಡೆ. ಮತ್ಯಾಕ ನಿನಗ ತ್ರಾಸ ಕೊಡೂದು ಅಂತ ತರಲಿಲ್ಲ."

"ನಿಮಗೂ ಸೇರ್ತಿತ್ತಲ್ರೀ."

"ಸೇರ್ತದ. ಈಗೂ ಸೇರ್ತದ" ಎಂದರು ರಾಯರು, ಚಿಪ್ಪಿನ ಕಡೆ ನೋಡುತ್ತ.

"ನಿಮ್ಮಿಬ್ಬರ ಮನೀ ಹಾಳಾಗಲಿ!" ಸಕ್ಕೂಬಾಯಿ ಜಪಮಾಲೆ ಚೀಲಕ್ಕೆ ತುರುಕಿದರು. "ಹಲ್ಲಿಲ್ಲದ ಮುದುಕಿ ನಾನು, ಬಾಳೆಹಣ್ಣು ಬಿಟ್ಟು ಮತ್ತೇನು ತಿನ್ಲಿ? ಇಬ್ಬರೊಳಗ ಯಾರಿಗೋ ಡಾಕ್ಟರ್ ಬ್ಯಾಡ ಅಂದಾರ, ನಾ ಕೇಳಿದ್ರ ಮನಸಿಗೆ ಹಚ್ಕೋತಾರ ಅಂತ ಸುಮ್ಮ ಕೂತೀನಿ. ಇತ್ಲಾಗ ಕೊಡ್ರಿ!"

ಮನೆಯ ಮೂವರೂ ಒಂದೇ ಹಣ್ಣಿಗೆ ಆಸೆಪಟ್ಟು, ಒಬ್ಬರು ಇನ್ನೊಬ್ಬರಿಗೆ ಹೇಳದೆ, ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಯಿ ಕಟ್ಟಿಕೊಂಡು ಕೂತಿದ್ದರು. ರಾಯರು ಒಂದು ಹಣ್ಣು ಬಿಡಿಸಿ, ಅರ್ಧಕ್ಕೆ ಸಿಪ್ಪೆ ಸುಲಿದು, ಹೆಂಡತಿಯ ಕಡೆ ಚಾಚಿದರು. "ತಗೋ. ನಿನಗ ಯಾವ ವ್ರತಾನೂ ಇಲ್ಲ. ಇದ್ದೇ ಇರಲಿಲ್ಲ."

ಅದೇ ಮಾತು ಕೆಡಿಸಿತು. ಇದ್ದೇ ಇರಲಿಲ್ಲ! ಪದ್ಮಜಾಬಾಯಿ ಆ ಹಣ್ಣನ್ನು ನೋಡಿದರು. ಕೆನೆಯ ಬಣ್ಣ, ತುದಿಯಲ್ಲಿ ಸ್ವಲ್ಪ ಮಿದುವಾದದ್ದು. ಬಾಯಲ್ಲಿ ನೀರು ಬಂತು, ಅದಕ್ಕಿಂತ ಮೊದಲು ಕಣ್ಣಲ್ಲಿ ಬಂತು.

"ನನ್ನ ಜೀವಮಾನದಾಗ ನಾನೇ ಆರಿಸಿದ್ದು ಅದೊಂದೇ ಇತ್ತು" ಎಂದರು. "ಅದನ್ನೂ ನೀವೇ ಹೇಳಿ ಮುಗಿಸೀರಿ. ನನ್ನನ್ನ ಒಂದು ಮಾತು ಕೇಳಿಲ್ಲ. ನಾ ಹಿಂದ ನಿಂತು ಏನು ಹೇಳಿದೆ ಅಂತಾನೂ ಕೇಳಿಸ್ಕೊಳ್ಳಿಲ್ಲ."

ರಾಯರು ಚಾಚಿದ ಕೈ ಚಾಚಿದಂತೆಯೇ ಇತ್ತು.

ಪದ್ಮಜಾಬಾಯಿ ಎದ್ದರು. ಕಾಲು ತೊಳೆದು ಬಂದು ದೇವರ ಮುಂದೆ ಕೂತರು. ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು ತಾವೇ ತಮ್ಮ ಅಂಗೈಗೆ ಹಾಕಿಕೊಂಡು, ಒಂದು ತುಳಸಿ ದಳ ಇಟ್ಟು, ಓಣಿಗೆಲ್ಲ ಕೇಳುವಂತೆ ಹೇಳಿದರು: "ನಾನು, ಪದ್ಮಜಾ. ಯಾರ ಮೊಣಕೈನೂ ಹಿಡಕೊಂಡಿಲ್ಲ. ಯಾರೂ ಹೇಳಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು, ಇವತ್ತಿನಿಂದ ಸಾಯೂತನಕಾ, ನಾನೇ ಬಿಟ್ಟೀನಿ!"

ನೀರು ತಟ್ಟೆಗೆ ಬಿತ್ತು. ಆಹಾ, ಎಂಥ ಕ್ಷಣ! ಎದೆ ಹಗುರವಾಯಿತು, ಬೆನ್ನು ನೆಟ್ಟಗಾಯಿತು. ಒಳಿತು, ಸ್ವಾತಂತ್ರ್ಯ ಎರಡೂ ಈಗ ನಿಸ್ಸಂಶಯವಾಗಿ ತಮ್ಮವು. ಜಹೀರುದ್ದೀನ್ ಸರ್ ಇಲ್ಲಿ ಇರಬೇಕಾಗಿತ್ತು ಎಂದುಕೊಳ್ಳುತ್ತ ಪದ್ಮಜಾಬಾಯಿ ವಿಜಯೋತ್ಸಾಹದಿಂದ ಹಿಂದೆ ತಿರುಗಿದರು.

ಸಕ್ಕೂಬಾಯಿ ಬಾಯಿ ತುಂಬ ಹಣ್ಣು ಇಟ್ಟುಕೊಂಡು ಸೊಸೆಯನ್ನೇ ನೋಡುತ್ತಿದ್ದರು. ನಿಧಾನವಾಗಿ ನುಂಗಿ, ನಿಜವಾದ ಮರುಕದಿಂದ ಹೇಳಿದರು. "ಅಗ ಹುಚ್ಚಿ, ಒಂದು ತಿಂದು ಆಮ್ಯಾಲ ಬಿಡಬೇಕಿಲ್ಲೇನು?"

ಪದ್ಮಜಾಬಾಯಿ ತಟ್ಟೆಯ ನೀರನ್ನು ನೋಡಿದರು. ಬಿದ್ದ ನೀರು ಬಿದ್ದಿತ್ತು.

ಆಮೇಲೆ ಅವರು ಮೆಲ್ಲಗೆ ಬಂದು ಗಂಡನ ಪಕ್ಕ ನೆಲದ ಮೇಲೆ ಕೂತರು. ರಾಯರು ಸುಲಿದ ಹಣ್ಣು ಕೈಯಲ್ಲಿ ಹಿಡಿದುಕೊಂಡು, ತಿನ್ನಲೂ ಆಗದೆ ಇಡಲೂ ಆಗದೆ ತಪ್ಪಿತಸ್ಥರಂತೆ ಕೂತಿದ್ದರು.

"ತಿನ್ರಿ" ಎಂದರು ಪದ್ಮಜಾಬಾಯಿ.

"ನೀ ಹಿಂಗ ನೋಡ್ಕೋತ ಕೂತರ ಹೆಂಗ ತಿನ್ಲಿ?"

"ತಿನ್ರಿ ಅಂದ್ರ ತಿನ್ರಿ."

ರಾಯರು ಒಂದು ತುತ್ತು ಕಚ್ಚಿದರು.

"ಹಂಗ ಗಬಕ್ಕನ ನುಂಗಬ್ಯಾಡ್ರಿ, ನಾಲಿಗಿ ಮ್ಯಾಲ ಇಟ್ಕೋರಿ. ಕಣ್ಣು ಮುಚ್ರಿ." ಪದ್ಮಜಾಬಾಯಿ ಇನ್ನಷ್ಟು ಹತ್ತಿರ ಸರಿದು ಗಂಡನ ಮುಖಕ್ಕೆ ಮುಖ ತಂದರು. "ಹಾಂ. ಈಗ ಹೇಳ್ರಿ, ಹೆಂಗದ?"